ಟೆಸ್ಟನ್ನೇ ಟೆಸ್ಟ್ ಮಾಡೋದು ಯಾರು?

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ‘ಮ್ಯುಟೇಶನ್ ಟೆಸ್ಟಿಂಗ್’ ಅನ್ನೋ ಪದ ಹೊಸದಲ್ಲ. ಉಳಿದವರಿಗೆ ಎರಡು ಮಾತಲ್ಲಿ ಹೇಳ್ತೀನಿ. ನಾವು ಕೋಡ್ ಬರೀತೀವಿ, ಅದು ಸರಿ ಇದೆಯಾ ಅಂತ ನೋಡೋಕೆ ಟೆಸ್ಟ್‌ಗಳನ್ನೂ ಬರೀತೀವಿ. ಸ್ಕ್ರೀನ್ ಮೇಲೆ ಎಲ್ಲಾ ಹಸಿರು ಬಂದ್ರೆ ಸಮಾಧಾನ. ಆದರೆ ಆ ಟೆಸ್ಟ್‌ಗಳೇ ಸೋಮಾರಿಗಳಾಗಿದ್ರೆ? ಕೋಡ್‌ನಲ್ಲಿ ಏನೇ ತಪ್ಪಿರಲಿ, ‘ಪಾಸ್’ ಅಂತಲೇ ಹೇಳೋ ಟೆಸ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದನ್ನು ಹಿಡಿಯೋಕೆ ಒಂದು ಉಪಾಯ ಇದೆ. ಸರಿಯಾಗಿರೋ ಕೋಡ್‌ಗೆ ಬೇಕಂತಲೇ ಒಂದು ಸಣ್ಣ ತಪ್ಪು ಸೇರಿಸೋದು. ಪ್ಲಸ್ ಇದ್ದ ಕಡೆ ಮೈನಸ್ ಹಾಕೋದು, ಅಷ್ಟೇ. ಆಮೇಲೆ ಟೆಸ್ಟ್ ಓಡಿಸೋದು. ಟೆಸ್ಟ್ ಕೆಂಪಾದರೆ ಅದು ಎಚ್ಚರವಾಗಿದೆ ಅಂತ ಅರ್ಥ. ಹಸಿರಾಗೇ ಉಳಿದರೆ ಅದು ನಿದ್ದೆ ಮಾಡ್ತಿದೆ. 1971ರಲ್ಲಿ ರಿಚರ್ಡ್ ಲಿಪ್ಟನ್ ವಿದ್ಯಾರ್ಥಿಯಾಗಿದ್ದಾಗ ಹೇಳಿದ ಯೋಚನೆ ಇದು. 1978ರಲ್ಲಿ ಅವರು ಇನ್ನಿಬ್ಬರ ಜೊತೆ ಸೇರಿ ಇದರ ಬಗ್ಗೆ ಬರೆದ ಲೇಖನವನ್ನು ಈ ಕ್ಷೇತ್ರದಲ್ಲಿ ಇವತ್ತಿಗೂ ನೆನೀತಾರೆ.

ಆಸ್ಪತ್ರೆ ಲ್ಯಾಬ್‌ಗಳಲ್ಲೂ ಮ್ಯುಟೇಶನ್ ಟೆಸ್ಟಿಂಗ್ ಇದೆ. ಅಲ್ಲಿ ತಪ್ಪನ್ನು ನಾವು ಸೇರಿಸೋದಲ್ಲ. ಅದು ಕ್ಯಾನ್ಸರ್ ಗಡ್ಡೆಯ ಡಿಎನ್‌ಎಯಲ್ಲಿ ತಾನಾಗಿಯೇ ಆಗಿರೋ ಬದಲಾವಣೆ. ಅದು ಇದೆಯೋ ಇಲ್ಲವೋ ಅಂತ ಲ್ಯಾಬ್ ಹೇಳಬೇಕು. ಆ ಒಂದು ಉತ್ತರದ ಮೇಲೆ ರೋಗಿಗೆ ಯಾವ ಔಷಧಿ ಅನ್ನೋದು ನಿಂತಿರುತ್ತೆ. ಹಾಗಾದರೆ ಆ ಲ್ಯಾಬ್‌ನ ಟೆಸ್ಟ್ ಎಚ್ಚರವಾಗಿದೆಯಾ, ನಿದ್ದೆ ಮಾಡ್ತಿದೆಯಾ ಅಂತ ನೋಡೋರು ಯಾರು? ಈ ಸಲದ ಅಂಕಣ ಇದರ ಬಗ್ಗೆ. ದೊಡ್ಡಕರುಳಿನ ಕ್ಯಾನ್ಸರ್‌ನ ಉದಾಹರಣೆಯನ್ನೇ ತಗೋತೀನಿ. ಯಾಕಂದ್ರೆ ಅಲ್ಲಿ ಈ ಪ್ರಶ್ನೆಯನ್ನು ಯುರೋಪಿನವರು ಗಂಭೀರವಾಗಿ ಕೇಳಿದ್ರು, ಸಿಕ್ಕ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದ್ರು.

ಸಿಕ್ಕಿಹಾಕಿಕೊಂಡ ಸ್ವಿಚ್

ಮೊದಲು ಸ್ವಲ್ಪ ಜೀವಶಾಸ್ತ್ರ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟವರೂ ಓದಬಹುದು.

ಜೀವಕೋಶದ ಹೊರಮೈ ಮೇಲೆ ಇಜಿಎಫ್‌ಆರ್ ಅನ್ನೋ ಒಂದು ಪ್ರೋಟೀನ್ ಇರುತ್ತೆ. ಮನೆ ಬಾಗಿಲ ಪಕ್ಕದ ಕಾಲಿಂಗ್ ಬೆಲ್ ಸ್ವಿಚ್ ಅಂದುಕೊಳ್ಳಿ. ಹೊರಗಿಂದ ಯಾರೋ ಒತ್ತಿದಾಗ ಒಳಗೆ ‘ಬೆಳಿ, ಎರಡಾಗು’ ಅನ್ನೋ ಸಂದೇಶ ಹೋಗುತ್ತೆ. ಆ ಸಂದೇಶ ಸಾಗೋ ದಾರಿಯಲ್ಲಿ ಕೆ-ರಾಸ್ ಅನ್ನೋ ಇನ್ನೊಂದು ಪ್ರೋಟೀನ್ ಇದೆ. ಅದೂ ಒಂದು ಸ್ವಿಚ್ಚೇ. ಸಂದೇಶ ಬಂದಾಗ ಆನ್ ಆಗುತ್ತೆ, ಕೆಲಸ ಮುಗಿದ ಮೇಲೆ ಆಫ್ ಆಗುತ್ತೆ. ಇದರ ತಮ್ಮನ ಹಾಗೆ ಎನ್-ರಾಸ್ ಅಂತ ಇನ್ನೊಂದಿದೆ. ಇವೆರಡನ್ನೂ ಸೇರಿಸಿ ‘ರಾಸ್’ ಅಂತಾರೆ.

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದಾಗ ಕೊಡೋ ಔಷಧಿಗಳಲ್ಲಿ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಅಂತ ಎರಡಿವೆ. ಅಮೆರಿಕದಲ್ಲಿ ಮೊದಲನೆಯದಕ್ಕೆ 2004ರಲ್ಲಿ, ಎರಡನೆಯದಕ್ಕೆ 2006ರಲ್ಲಿ ಅನುಮತಿ ಸಿಕ್ತು. ಎರಡೂ ಮಾಡೋದು ಒಂದೇ ಕೆಲಸ: ಬಾಗಿಲ ಪಕ್ಕದ ಬೆಲ್ ಸ್ವಿಚ್ ಮೇಲೆ ಕೈ ಅಡ್ಡ ಇಟ್ಟು ಯಾರೂ ಒತ್ತದ ಹಾಗೆ ನೋಡಿಕೊಳ್ಳೋದು. ಒಳ್ಳೆಯ ಉಪಾಯವೇ. ಆದರೆ ಒಳಗಿನ ಕೆ-ರಾಸ್ ಸ್ವಿಚ್ಚೇ ಆನ್ ಆಗಿ ಹಾಗೇ ಸಿಕ್ಕಿಹಾಕಿಕೊಂಡಿದ್ದರೆ? ಹೊರಗೆ ಎಷ್ಟು ಅಡ್ಡ ಹಿಡಿದರೂ ಒಳಗೆ ಬೆಲ್ ಬಡ್ಕೋತಾನೇ ಇರುತ್ತೆ.

ಈ ಸಿಕ್ಕಿಹಾಕಿಕೊಳ್ಳೋದಕ್ಕೆ ದೊಡ್ಡ ಅನಾಹುತವೇನೂ ಆಗಬೇಕಿಲ್ಲ. ಕೆ-ರಾಸ್ ಜೀನ್‌ನ ಕೋಡ್‌ನಲ್ಲಿ 35ನೇ ಅಕ್ಷರ ‘ಜಿ’ ಇರಬೇಕಾದ ಕಡೆ ‘ಎ’ ಬಂದರೆ ಸಾಕು. ಆಗ ಪ್ರೋಟೀನ್‌ನ 12ನೇ ಜಾಗದ ಕೊಂಡಿ ಬದಲಾಗುತ್ತೆ, ಸ್ವಿಚ್ ಆಫ್ ಆಗೋದನ್ನೇ ಮರೆಯುತ್ತೆ. ಒಂದೇ ಒಂದು ಅಕ್ಷರದ ಟೈಪೋ!

2008ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದ್ರು. 394 ರೋಗಿಗಳ ಗಡ್ಡೆಯ ಸ್ಯಾಂಪಲ್ ನೋಡಿದಾಗ 42.3 ಶೇಕಡಾ ಜನರಲ್ಲಿ ಕೆ-ರಾಸ್ ಮ್ಯುಟೇಶನ್ ಇತ್ತು. ಮ್ಯುಟೇಶನ್ ಇಲ್ಲದವರಲ್ಲಿ ಸೆಟುಕ್ಸಿಮ್ಯಾಬ್ ತಗೊಂಡವರು ಸರಾಸರಿ 9.5 ತಿಂಗಳು ಬದುಕಿದ್ರು, ತಗೊಳ್ಳದವರು 4.8 ತಿಂಗಳು. ಹೆಚ್ಚುಕಮ್ಮಿ ದುಪ್ಪಟ್ಟು. ಮ್ಯುಟೇಶನ್ ಇದ್ದವರಲ್ಲಿ ಔಷಧಿ ತಗೊಂಡವರು 4.5 ತಿಂಗಳು, ತಗೊಳ್ಳದವರು 4.6 ತಿಂಗಳು. ಅಂದ್ರೆ ಅವರ ಪಾಲಿಗೆ ಆ ದುಬಾರಿ ಔಷಧಿ ಬರೀ ನೀರು. ಅದರ ಜೊತೆ ಮೈಮೇಲೆ ಮೊಡವೆಯಂಥ ಗುಳ್ಳೆಗಳು, ಚರ್ಮ ಒಡೆಯೋದು, ರಕ್ತದಲ್ಲಿ ಮೆಗ್ನೀಷಿಯಂ ಇಳಿಯೋದು ಇವೆಲ್ಲ ಬೇರೆ. 2009ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಈ ಎರಡೂ ಔಷಧಿಗಳ ಸೂಚನೆಯನ್ನು ಬದಲಾಯಿಸಿ, ಕೆ-ರಾಸ್‌ನ 12 ಅಥವಾ 13ನೇ ಜಾಗದಲ್ಲಿ ಮ್ಯುಟೇಶನ್ ಇದ್ದವರಿಗೆ ಇವು ಬೇಡ ಅಂತು. ಯುರೋಪಿನಲ್ಲಿ ಆ ನಿಯಮ ಅಷ್ಟರಲ್ಲಾಗಲೇ ಬಂದಿತ್ತು.

2013ರಲ್ಲಿ ಇನ್ನೊಂದು ವಿಷಯ ಹೊರಬಂತು. ಪ್ಯಾನಿಟುಮುಮ್ಯಾಬ್‌ನ ‘ಪ್ರೈಮ್’ ಅನ್ನೋ ಅಧ್ಯಯನದ ಸ್ಯಾಂಪಲ್‌ಗಳನ್ನು ಮತ್ತೆ ತೆಗೆದು ನೋಡಿದ್ರು. ಹಳೇ ಟೆಸ್ಟ್‌ನಲ್ಲಿ ‘ಮ್ಯುಟೇಶನ್ ಇಲ್ಲ’ ಅಂತ ಬಂದಿದ್ದವರಲ್ಲಿ 17 ಶೇಕಡಾ ಜನರಿಗೆ ಕೆ-ರಾಸ್‌ನ ಬೇರೆ ಭಾಗಗಳಲ್ಲೋ ಎನ್-ರಾಸ್‌ನಲ್ಲೋ ಮ್ಯುಟೇಶನ್ ಇತ್ತು. ಹಳೇ ಟೆಸ್ಟ್ ಅಲ್ಲಿ ನೋಡೇ ಇರಲಿಲ್ಲ! ಒಟ್ಟಾರೆ ರಾಸ್ ಮ್ಯುಟೇಶನ್ ಇದ್ದವರಲ್ಲಿ ಕೀಮೋ ಜೊತೆ ಈ ಔಷಧಿಯನ್ನೂ ಕೊಟ್ಟಾಗ ಆಯಸ್ಸು 15.6 ತಿಂಗಳು, ಬರೀ ಕೀಮೋ ಕೊಟ್ಟಾಗ 19.2 ತಿಂಗಳು. ಅಂದ್ರೆ ಈಗ ಔಷಧಿ ಬರೀ ನೀರೂ ಅಲ್ಲ, ಹಾನಿ. ರಾಸ್ ಪೂರ್ತಿ ಸರಿ ಇದ್ದವರಲ್ಲಿ ಅದೇ ಔಷಧಿ ಸುಮಾರು 20 ತಿಂಗಳನ್ನು 26ರ ಹತ್ತಿರಕ್ಕೆ ಏರಿಸಿತ್ತು.

ಈ ಅಂಕಿಗಳನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಲ್ಯಾಬ್ ಎರಡು ಥರ ತಪ್ಪಬಹುದು. ಮ್ಯುಟೇಶನ್ ಇದ್ದೂ ಇಲ್ಲ ಅಂದ್ರೆ, ರೋಗಿಗೆ ಕೆಲಸ ಮಾಡದ, ಹಾನಿಯನ್ನೂ ಮಾಡಬಹುದಾದ ಔಷಧಿ ಸಿಗುತ್ತೆ. ಇಲ್ಲದೇ ಇದ್ದೂ ಇದೆ ಅಂದ್ರೆ, ಆಯಸ್ಸನ್ನು ಹೆಚ್ಚಿಸಬಹುದಾಗಿದ್ದ ಔಷಧಿ ಕೈತಪ್ಪುತ್ತೆ. ಇಲ್ಲಿ ಕೆಲವು ತಿಂಗಳು ಅಂದ್ರೆ ಮಗಳ ಮದುವೆ ನೋಡೋದೋ, ಮೊಮ್ಮಗುವಿನ ನಾಮಕರಣಕ್ಕೆ ಇರೋದೋ ಅನ್ನೋ ಲೆಕ್ಕ.

ಸದ್ದಿಲ್ಲದ ತಪ್ಪು

ನಮ್ಮ ಆ್ಯಪ್ ಕೆಟ್ಟರೆ ಐದು ನಿಮಿಷದಲ್ಲಿ ಫೋನ್ ಬರುತ್ತೆ. ಪೇಮೆಂಟ್ ಆಗ್ಲಿಲ್ಲ, ಲಾಗಿನ್ ಆಗ್ತಿಲ್ಲ ಅಂತ ಜನ ಬೈತಾರೆ. ತಪ್ಪು ತಾನೇ ಕೂಗಿ ಹೇಳುತ್ತೆ. ಮ್ಯುಟೇಶನ್ ವರದಿಯಲ್ಲಿ ಹಾಗಾಗಲ್ಲ. ವರದಿ ತಪ್ಪಿದ್ದರೂ ಪ್ರಿಂಟ್ ಚೆನ್ನಾಗೇ ಬರುತ್ತೆ, ಸಹಿಯೂ ಇರುತ್ತೆ. ಔಷಧಿ ಶುರುವಾಗುತ್ತೆ. ಎರಡು ಮೂರು ತಿಂಗಳ ನಂತರ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿದೆ ಅಂತ ಕಂಡಾಗ, ‘ಔಷಧಿ ಹಿಡೀಲಿಲ್ಲ’ ಅಂತಾರೆ. ರಾಸ್ ಸರಿ ಇರೋರಲ್ಲೂ ಎಲ್ಲರಿಗೂ ಈ ಔಷಧಿ ಹಿಡಿಯಲ್ಲ, ಹಾಗಾಗಿ ಯಾರಿಗೂ ಅನುಮಾನವೇ ಬರಲ್ಲ. ಮನೆಯವರು ಹಣೆಬರಹ ಅಂದುಕೊಂಡು ಸುಮ್ಮನಾಗ್ತಾರೆ. ತಪ್ಪಾಗಿದೆ ಅಂತ ಲ್ಯಾಬ್‌ಗೂ ಗೊತ್ತಾಗಲ್ಲ.

ತಪ್ಪು ಎಲ್ಲೆಲ್ಲಿ ನುಸುಳಬಹುದು ಅಂತ ಅರ್ಥವಾಗಬೇಕಾದ್ರೆ ಸ್ಯಾಂಪಲ್ ಸಾಗೋ ದಾರಿ ನೋಡಬೇಕು. ನಮ್ಮ ದೊಡ್ಡಪ್ಪನ ಮಗಳು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಶಿಯನ್. ಹಬ್ಬಕ್ಕೆ ಸಿಕ್ಕಾಗ, ‘ಅಕ್ಕಾ, ಮಷಿನ್‌ಗೆ ಹಾಕಿದ್ರೆ ಉತ್ತರ ಬರುತ್ತಲ್ಲ, ಇದರಲ್ಲಿ ತಪ್ಪಾಗೋದು ಎಲ್ಲಿ?’ ಅಂತ ಕೇಳಿದೆ. ಒಬ್ಬಟ್ಟು ತಟ್ಟೋದನ್ನು ನಿಲ್ಲಿಸದೆ ಹೇಳಿದ್ಲು: ‘ಮಷಿನ್ ಸುಳ್ಳು ಹೇಳಲ್ಲ ಕಣೋ. ನಾವು ಏನು ಕೊಡ್ತೀವೋ ಅದನ್ನೇ ಓದತ್ತೆ. ಕೊಡೋದರಲ್ಲೇ ಇರೋದು ಎಲ್ಲಾ.’

ಅವಳು ಹೇಳಿದ್ದನ್ನೂ ನಾನು ಓದಿಕೊಂಡಿದ್ದನ್ನೂ ಸೇರಿಸಿ ಬರೀತೀನಿ. ಬಯಾಪ್ಸಿಯಲ್ಲೋ ಆಪರೇಶನ್‌ನಲ್ಲೋ ತೆಗೆದ ಗಡ್ಡೆಯ ತುಂಡನ್ನು ಫಾರ್ಮಲಿನ್‌ನಲ್ಲಿ ನೆನೆಸಿಡ್ತಾರೆ. ಆಮೇಲೆ ಮೇಣದಲ್ಲಿ ಕೂರಿಸಿ ಒಂದು ಪುಟ್ಟ ಬ್ಲಾಕ್ ಮಾಡ್ತಾರೆ. ಆ ಬ್ಲಾಕನ್ನು ತೆಳ್ಳಗೆ ಹೆರೆದು ಸ್ಲೈಡ್ ಮೇಲೆ ಇಟ್ಟು, ಬಣ್ಣ ಹಾಕಿ, ಪೆಥಾಲಜಿಸ್ಟ್ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಗಡ್ಡೆ ಎಲ್ಲಿ ದಟ್ಟವಾಗಿದೆ ಅಂತ ಪೆನ್ನಿನಿಂದ ಗುರುತು ಹಾಕ್ತಾರೆ. ಆ ಭಾಗವನ್ನು ಮಾತ್ರ ಕೆರೆದು ಡಿಎನ್‌ಎ ತೆಗೀತಾರೆ. ಆಮೇಲೆ ಪಿಸಿಆರ್, ಸೀಕ್ವೆನ್ಸಿಂಗ್, ವರದಿ.

ಫಾರ್ಮಲಿನ್‌ನಲ್ಲಿ ಹೆಚ್ಚು ದಿನ ಬಿಟ್ಟರೆ ಡಿಎನ್‌ಎ ತುಂಡುತುಂಡಾಗುತ್ತೆ. ಅದೊಂದೇ ಅಲ್ಲ, ಅದರ ರಾಸಾಯನಿಕ ಪರಿಣಾಮದಿಂದ ಕೆಲವು ಕಡೆ ‘ಸಿ’ ಅಕ್ಷರ ‘ಟಿ’ ಥರ ಓದಿಸಿಕೊಳ್ಳುತ್ತೆ. ರೋಗಿಯಲ್ಲಿ ಇಲ್ಲದ ಮ್ಯುಟೇಶನ್ ಬಾಟಲಿಯಲ್ಲಿ ಹುಟ್ಟುತ್ತೆ!

ಗಡ್ಡೆಯ ಕೋಶ ಎಷ್ಟಿದೆ ಅನ್ನೋದು ಇನ್ನೊಂದು ದೊಡ್ಡ ಹೊಂಡ. ಕೆರೆದು ತೆಗೆದ ಭಾಗದಲ್ಲಿ ಬರೀ ಕ್ಯಾನ್ಸರ್ ಕೋಶಗಳೇ ಇರಲ್ಲ. ಸ್ನಾಯು, ರಕ್ತನಾಳ, ಬಿಳಿರಕ್ತಕಣ ಎಲ್ಲಾ ಇರುತ್ತೆ. ಒಂದು ಸಣ್ಣ ಲೆಕ್ಕ ಹಾಕೋಣ. 100 ಕೋಶಗಳಲ್ಲಿ 20 ಮಾತ್ರ ಕ್ಯಾನ್ಸರ್ ಕೋಶ ಅಂದುಕೊಳ್ಳಿ. ಪ್ರತಿ ಕೋಶದಲ್ಲೂ ಜೀನ್‌ನ ಎರಡು ಪ್ರತಿ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಟ್ಟು 200 ಪ್ರತಿ. ಮ್ಯುಟೇಶನ್ ಸಾಮಾನ್ಯವಾಗಿ ಎರಡರಲ್ಲಿ ಒಂದು ಪ್ರತಿಯಲ್ಲಿ ಇರುತ್ತೆ. ಅಂದ್ರೆ 200ರಲ್ಲಿ 20 ಪ್ರತಿ, 10 ಶೇಕಡಾ. ಈಗ ಲ್ಯಾಬ್ ಬಳಸೋದು ಹಳೇ ಕಾಲದ ಸ್ಯಾಂಗರ್ ಸೀಕ್ವೆನ್ಸಿಂಗ್ ಆಗಿದ್ರೆ, ಅದಕ್ಕೆ ಸುಮಾರು 15ರಿಂದ 20 ಶೇಕಡಾ ಇದ್ದರೆ ಮಾತ್ರ ಮ್ಯುಟೇಶನ್ ಕಾಣುತ್ತೆ. ಫಲಿತಾಂಶ: ‘ಮ್ಯುಟೇಶನ್ ಇಲ್ಲ’. ಮಷಿನ್ ಸರಿ, ಕೆಮಿಕಲ್ ಸರಿ, ಟೆಕ್ನಿಶಿಯನ್ ಸರಿ, ಉತ್ತರ ಮಾತ್ರ ತಪ್ಪು.

ಆ 20 ಶೇಕಡಾ ಅನ್ನೋದನ್ನು ಪೆಥಾಲಜಿಸ್ಟ್ ಕಣ್ಣಳತೆಯಲ್ಲಿ ಹೇಳ್ತಾರೆ. 2014ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಈ ಕಣ್ಣಳತೆಯನ್ನೇ ಪರೀಕ್ಷೆಗೆ ಹಚ್ಚಿದ್ರು. ಒಂದೇ ಸ್ಲೈಡ್‌ಗೆ ಬೇರೆ ಬೇರೆ ತಜ್ಞರು ಹೇಳಿದ ಅಂದಾಜಿನಲ್ಲಿ ತುಂಬಾ ವ್ಯತ್ಯಾಸ ಇತ್ತು. ಈ ಅಂದಾಜು ನಿಖರವಲ್ಲ ಅನ್ನೋದನ್ನು ತಮ್ಮ ಲೇಖನದ ತಲೆಬರಹದಲ್ಲೇ ಬರೆದುಬಿಟ್ಟರು.

ಹಾಗಂತ ಅತಿ ಸೂಕ್ಷ್ಮ ಟೆಸ್ಟ್ ತಂದರೆ ತೊಂದರೆ ಮುಗೀತಾ? ಇಲ್ಲ. ಪಿಸಿಆರ್ ಅಂದ್ರೆ ಒಂದು ತುಂಡನ್ನು ಮತ್ತೆ ಮತ್ತೆ ದುಪ್ಪಟ್ಟು ಮಾಡೋದು. 30 ಸಲ ದುಪ್ಪಟ್ಟಾದ್ರೆ ಒಂದು ತುಂಡು 107 ಕೋಟಿ ಆಗುತ್ತೆ. ಹಿಂದಿನ ರೋಗಿಯ ಸ್ಯಾಂಪಲ್‌ನ ಒಂದು ಕಣ ಗ್ಲೌಸ್‌ಗೋ ಪಿಪೆಟ್‌ಗೋ ಅಂಟಿದ್ದರೂ ಅದೂ ಕೋಟಿಗಟ್ಟಲೆ ಆಗುತ್ತೆ. ಅದಕ್ಕೇ ಒಳ್ಳೆ ಲ್ಯಾಬ್‌ಗಳಲ್ಲಿ ಪಿಸಿಆರ್‌ಗೆ ಮುಂಚಿನ ಕೆಲಸಕ್ಕೆ ಒಂದು ಕೋಣೆ, ನಂತರದ ಕೆಲಸಕ್ಕೆ ಇನ್ನೊಂದು. ನಡಿಗೆ ಯಾವಾಗಲೂ ಒಂದೇ ದಿಕ್ಕಿಗೆ. ‘ಆ ಕೋಣೆಯ ಏಪ್ರನ್ ಹಾಕ್ಕೊಂಡು ಈ ಕೋಣೆಗೆ ಬಂದ್ರೆ ನಮ್ಮ ಮೇಡಂ ಬಿಡಲ್ಲ. ದೇವರ ಮನೆ ಮಡಿ ಇದ್ದ ಹಾಗೆ’ ಅಂದ್ಲು ಅಕ್ಕ. ಪ್ರತಿ ಸಲ ರೋಗಿಗಳ ಸ್ಯಾಂಪಲ್ ಜೊತೆ ಇನ್ನೂ ಮೂರು ಟ್ಯೂಬ್ ಹಾಕ್ತಾರೆ. ಮ್ಯುಟೇಶನ್ ಇದೆ ಅಂತ ಗೊತ್ತಿರೋದು ಒಂದು, ಇಲ್ಲ ಅಂತ ಗೊತ್ತಿರೋದು ಒಂದು, ಡಿಎನ್‌ಎಯೇ ಇಲ್ಲದ ಬರೀ ನೀರು ಒಂದು. ನೀರಿನ ಟ್ಯೂಬ್‌ನಲ್ಲಿ ಏನಾದ್ರೂ ಕಂಡರೆ ಆ ಸಲದ ಎಲ್ಲಾ ಫಲಿತಾಂಶವೂ ರದ್ದು.

ಗೊತ್ತಿರೋ ಉತ್ತರದ ಪ್ರಶ್ನೆಪತ್ರಿಕೆ

ಇವೆಲ್ಲ ಲ್ಯಾಬ್ ತನ್ನನ್ನು ತಾನೇ ನೋಡಿಕೊಳ್ಳೋ ಕ್ರಮ. ಆದರೆ ನಮಗೆಲ್ಲ ಗೊತ್ತು, ಬರೆದವನೇ ತನ್ನ ಕೋಡ್ ರಿವ್ಯೂ ಮಾಡಿದರೆ ಎಷ್ಟು ಪ್ರಯೋಜನ ಅಂತ. ಹೊರಗಿನವರು ಬೇಕು.

ಈ ವಿಚಾರ ಹೊಸದಲ್ಲ. 1947ರಲ್ಲೇ ಅಮೆರಿಕದಲ್ಲಿ ಬೆಲ್ಕ್ ಮತ್ತು ಸಂಡರ್‌ಮನ್ ಅನ್ನೋ ಇಬ್ಬರು ಒಂದೇ ದ್ರಾವಣವನ್ನು ಹಲವು ಆಸ್ಪತ್ರೆ ಲ್ಯಾಬ್‌ಗಳಿಗೆ ಕಳಿಸಿ, ಬಂದ ಉತ್ತರಗಳನ್ನು ಹೋಲಿಸಿ ಪ್ರಕಟಿಸಿದ್ದರು. ಸಾಮಾನ್ಯ ರಕ್ತ ಪರೀಕ್ಷೆಗಳಲ್ಲೇ ಉತ್ತರಗಳು ಎಲ್ಲೆಲ್ಲೋ ಇದ್ದವು. ಅಲ್ಲಿಂದ ಶುರುವಾದ ಪದ್ಧತಿಗೆ ‘ಹೊರಗಿನ ಗುಣಮಟ್ಟ ಪರೀಕ್ಷೆ’ ಅಂತ ಹೇಳಬಹುದು. ಲ್ಯಾಬ್ ಜನ ಇಕ್ಯುಎ ಅಂತಾರೆ. ನಮ್ಮಲ್ಲೂ ವೆಲ್ಲೂರಿನ ಸಿಎಂಸಿ ರಕ್ತದ ರಾಸಾಯನಿಕ ಪರೀಕ್ಷೆಗಳಿಗೆ ಬಹಳ ವರ್ಷಗಳಿಂದ ಇಂಥದ್ದನ್ನು ನಡೆಸ್ತಾ ಬಂದಿದೆ.

ಕೆ-ರಾಸ್ ಟೆಸ್ಟ್ ಇಲ್ಲದೆ ಔಷಧಿ ಕೊಡೋ ಹಾಗಿಲ್ಲ ಅಂತಾದಾಗ ಯುರೋಪಿನ ಆಸ್ಪತ್ರೆಗಳೆಲ್ಲ ತರಾತುರಿಯಲ್ಲಿ ಈ ಟೆಸ್ಟ್ ಶುರುಮಾಡಿದ್ವು. ಒಬ್ಬೊಬ್ಬರದು ಒಂದೊಂದು ವಿಧಾನ. 2008ರಲ್ಲೇ ನೆದರ್‌ಲೆಂಡ್ಸ್‌ನ ಪೆಥಾಲಜಿಸ್ಟ್ ಹಾನ್ ವಾನ್ ಕ್ರೀಕೆನ್ ಮತ್ತು ಜೊತೆಗಾರರು ಇದಕ್ಕೆ ಯುರೋಪಿಗೆಲ್ಲ ಒಂದು ಗುಣಮಟ್ಟದ ವ್ಯವಸ್ಥೆ ಬೇಕು ಅಂತ ಪ್ರಸ್ತಾಪ ಬರೆದರು. 2009ರಿಂದ ಯುರೋಪಿಯನ್ ಸೊಸೈಟಿ ಆಫ್ ಪೆಥಾಲಜಿ ಪ್ರತಿ ವರ್ಷ ಪರೀಕ್ಷೆ ನಡೆಸೋಕೆ ಶುರುಮಾಡ್ತು.

ಪರೀಕ್ಷೆ ಸರಳ. ಉತ್ತರ ಮೊದಲೇ ಗೊತ್ತಿರೋ 10 ಸ್ಯಾಂಪಲ್‌ಗಳನ್ನು ಲ್ಯಾಬ್‌ಗಳಿಗೆ ಕಳಿಸ್ತಾರೆ. ಉತ್ತರ ಏನು ಅಂತ ಲ್ಯಾಬ್‌ಗೆ ಹೇಳಲ್ಲ. ರೋಗಿಯ ಸ್ಯಾಂಪಲ್ ಬಂದರೆ ಹೇಗೆ ಮಾಡ್ತೀರೋ ಹಾಗೇ ಮಾಡಿ, ವರದಿಯನ್ನೂ ಹಾಗೇ ಬರೆದು ಕಳಿಸಿ ಅಂತಾರೆ. ಲಿಪ್ಟನ್ ಕೋಡ್‌ಗೆ ಮಾಡಿದ್ದನ್ನೇ ಇವರು ಲ್ಯಾಬ್‌ಗೆ ಮಾಡಿದ್ರು ಅನ್ನಬಹುದು.

2012ರ ಸುತ್ತಿನಲ್ಲಿ 26 ದೇಶಗಳ 100ಕ್ಕೂ ಹೆಚ್ಚು ಲ್ಯಾಬ್‌ಗಳು ಭಾಗವಹಿಸಿದ್ವು. 10 ಸ್ಯಾಂಪಲ್‌ಗಳಲ್ಲಿ 8 ನಿಜವಾದ ಗಡ್ಡೆಯ ತುಂಡು, 2 ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳಿಂದ ಮಾಡಿದ್ದು. ಫಲಿತಾಂಶ? 27 ಶೇಕಡಾ ಲ್ಯಾಬ್‌ಗಳು ಕನಿಷ್ಠ ಒಂದು ಸ್ಯಾಂಪಲ್‌ಗೆ ತಪ್ಪು ಉತ್ತರ ಕೊಟ್ಟಿದ್ವು. ಇದ್ದದ್ದನ್ನು ಇಲ್ಲ ಅಂದವರಿದ್ರು, ಇಲ್ಲದ್ದನ್ನು ಇದೆ ಅಂದವರಿದ್ರು, ಒಂದು ಮ್ಯುಟೇಶನ್ ಇದ್ದ ಕಡೆ ಇನ್ನೊಂದನ್ನು ಹೇಳಿದವರೂ ಇದ್ರು. ಜೊತೆಗೆ 20 ಶೇಕಡಾ ಲ್ಯಾಬ್‌ಗಳು ಕನಿಷ್ಠ ಒಂದು ಸ್ಯಾಂಪಲ್‌ನಲ್ಲಿ ತಾಂತ್ರಿಕ ತೊಂದರೆ, ಉತ್ತರ ಬರಲಿಲ್ಲ ಅಂದ್ವು.

ಇವು ಸುಮ್ಮನೆ ಬೋರ್ಡ್ ಹಾಕಿಕೊಂಡ ಲ್ಯಾಬ್‌ಗಳಲ್ಲ. ನಮ್ಮನ್ನು ಪರೀಕ್ಷಿಸಿ ಅಂತ ತಾವಾಗಿಯೇ ಮುಂದೆ ಬಂದವು. ಪರೀಕ್ಷೆಗೇ ಕೂರದವರ ಸ್ಥಿತಿ ಏನು ಅಂತ ಈ ಅಂಕಿ ಹೇಳೋಕಾಗಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ: ಹಂಚಿದ ಒಟ್ಟು ಸ್ಯಾಂಪಲ್‌ಗಳಲ್ಲಿ ತಪ್ಪಾಗಿದ್ದು 5 ಶೇಕಡಾಕ್ಕಿಂತ ಕಮ್ಮಿ. ಒಂದು ಅಂಕಿ ಹೆದರಿಸುತ್ತೆ, ಇನ್ನೊಂದು ಸಮಾಧಾನ ಮಾಡುತ್ತೆ. ಯಾವುದು ನಿಜ? ಎರಡೂ. ಕ್ಯಾಲ್ಕ್ಯುಲೇಟರ್ ತೆಗೆದು ನೋಡಿ. ಒಂದು ಸ್ಯಾಂಪಲ್ ತಪ್ಪಾಗೋ ಸಾಧ್ಯತೆ 3 ಶೇಕಡಾ ಅಂದುಕೊಳ್ಳಿ. ಹತ್ತೂ ಸರಿಯಾಗಬೇಕಾದ್ರೆ 0.97 ಅನ್ನು ಹತ್ತು ಸಲ ಗುಣಿಸಬೇಕು, ಸುಮಾರು 0.74 ಬರುತ್ತೆ. ಅಂದ್ರೆ 26 ಶೇಕಡಾ ಲ್ಯಾಬ್‌ಗಳಲ್ಲಿ ಕನಿಷ್ಠ ಒಂದು ತಪ್ಪು ಇರುತ್ತೆ. ಪ್ರತಿ ಸ್ಯಾಂಪಲ್‌ನ ಸಣ್ಣ ತಪ್ಪು ಹತ್ತರಲ್ಲಿ ಸೇರಿ ದೊಡ್ಡದಾಗಿ ಕಾಣುತ್ತೆ.

ಹಾಗಾಗಿ ಯಾರಾದ್ರೂ ‘ಕಾಲು ಭಾಗ ಲ್ಯಾಬ್‌ಗಳು ಸುಳ್ಳು ಹೇಳ್ತವೆ’ ಅಂತ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ‘5 ಶೇಕಡಾಕ್ಕಿಂತ ಕಮ್ಮಿ ತಾನೇ, ಬಿಡಿ’ ಅಂದರೂ ಒಪ್ಪಬೇಡಿ. ಲ್ಯಾಬ್‌ಗೆ ಅದು ನೂರರಲ್ಲಿ ಮೂರೋ ನಾಲ್ಕೋ. ಆ ಮೂರರಲ್ಲಿ ಒಬ್ಬರಾದ ಮನೆಯವರಿಗೆ ಅದು ನೂರಕ್ಕೆ ನೂರು.

ಉತ್ತರ ಸರಿ, ವರದಿ ತಪ್ಪು

ಆ ಸುತ್ತಿನಲ್ಲಿ ವರದಿಗಳನ್ನೂ ಬೇರೆಯಾಗಿ ತಿದ್ದಿದ್ರು. ಮ್ಯುಟೇಶನ್ ಸರಿಯಾಗಿ ಕಂಡುಹಿಡಿದಿದ್ದರೂ ಎಷ್ಟೋ ವರದಿಗಳಲ್ಲಿ ಮುಖ್ಯ ವಿಷಯಗಳೇ ಇರಲಿಲ್ಲ. ಈ ಫಲಿತಾಂಶದಿಂದ ಚಿಕಿತ್ಸೆಗೆ ಏನರ್ಥ ಅನ್ನೋ ವಿವರಣೆ, ಟೆಸ್ಟ್ ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣಬಲ್ಲದು ಅನ್ನೋ ಮಿತಿ, ಯಾವ ಡಿಎನ್‌ಎ ಮಾದರಿಗೆ ಹೋಲಿಸಿ ಹೆಸರಿಟ್ಟಿದ್ದಾರೆ ಅನ್ನೋದು, ಇವೇ ಹೆಚ್ಚಾಗಿ ಬಿಟ್ಟುಹೋಗಿದ್ದವು.

ಇದು ಬರೀ ಕಾಗದದ ತಕರಾರಲ್ಲ. ‘ಕೆ-ರಾಸ್: ಮ್ಯುಟೇಶನ್ ಕಂಡುಬಂದಿಲ್ಲ’ ಅಂತ ಒಂದೇ ಸಾಲು ಇದ್ದರೆ, 12 ಮತ್ತು 13ನೇ ಜಾಗ ಮಾತ್ರ ನೋಡಿದ್ರೋ, 61, 117, 146 ಕೂಡ ನೋಡಿದ್ರೋ ಅಂತ ವೈದ್ಯರಿಗೆ ಗೊತ್ತಾಗಲ್ಲ. ಎನ್-ರಾಸ್ ನೋಡಿದ್ರಾ? ಪ್ರೈಮ್ ಅಧ್ಯಯನದ ಆ 17 ಶೇಕಡಾ ನೆನಪಿದೆಯಲ್ಲ. ನೋಡದೇ ಇರೋದೂ ಇಲ್ಲ ಅನ್ನೋದೂ ಒಂದೇ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾಬೇಸ್‌ನಲ್ಲಿ ‘ನಲ್’ ಮತ್ತು ‘ಸೊನ್ನೆ’ಗೆ ಇರೋ ವ್ಯತ್ಯಾಸ.

ಯಾವ ಮ್ಯುಟೇಶನ್ ಅನ್ನೋ ನಿಖರತೆಯೂ ಈಗ ಮುಖ್ಯ. ಹಿಂದೆ ಯಾವುದಿದ್ದರೂ ‘ಔಷಧಿ ಬೇಡ’ ಅಷ್ಟೇ. ಈಗ ಕೆ-ರಾಸ್ ಜಿ12ಸಿ ಅನ್ನೋ ಒಂದು ಬಗೆಗೆ ಅಂತಲೇ ಬೇರೆ ಮಾತ್ರೆಗಳು ಬಂದಿವೆ. 2024ರ ಜೂನ್‌ನಲ್ಲಿ ಅಡಾಗ್ರಾಸಿಬ್ ಜೊತೆ ಸೆಟುಕ್ಸಿಮ್ಯಾಬ್, 2025ರ ಜನವರಿಯಲ್ಲಿ ಸೊಟೊರಾಸಿಬ್ ಜೊತೆ ಪ್ಯಾನಿಟುಮುಮ್ಯಾಬ್ ಕೊಡೋಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಜಿ12ಸಿ ಇದ್ದದ್ದನ್ನು ಜಿ12ಡಿ ಅಂತ ಬರೆದರೆ ಆ ಬಾಗಿಲೂ ಮುಚ್ಚಿದ ಹಾಗೆ.

ಇನ್ನೊಂದು ಮಾತು. ‘ಸ್ಯಾಂಪಲ್ ಸಾಲದು, ಉತ್ತರ ಹೇಳೋಕಾಗಲ್ಲ’ ಅಂತ ಲ್ಯಾಬ್ ಬರೆದರೆ ನಮಗೆ ಸಿಟ್ಟು ಬರುತ್ತೆ. ದುಡ್ಡು ಕೊಟ್ಟಿದ್ದೀವಿ, ಹತ್ತು ದಿನ ಕಾದಿದ್ದೀವಿ. ಆದರೆ ಗಡ್ಡೆಯ ಕೋಶ ತೀರಾ ಕಮ್ಮಿ ಇದ್ದಾಗ ಅದೇ ಪ್ರಾಮಾಣಿಕ ಉತ್ತರ. ‘ಏನೋ ಒಂದು ಕೊಡಿ, ನಾಳೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ’ ಅಂತ ಕೌಂಟರ್‌ನಲ್ಲಿ ಒತ್ತಡ ಹಾಕೋದರಿಂದ ನಷ್ಟ ನಮಗೇ. ಅಕ್ಕ ಹೇಳೋ ಪ್ರಕಾರ ಅವರ ಲ್ಯಾಬ್‌ಗೆ ದಿನಕ್ಕೆ ಬರೋ ಫೋನ್‌ಗಳಲ್ಲಿ ‘ರಿಪೋರ್ಟ್ ಯಾವಾಗ?’ ಅನ್ನೋದೇ ಜಾಸ್ತಿ. ‘ಹೇಗೆ ಮಾಡಿದ್ರಿ?’ ಅಂತ ಒಬ್ಬರೂ ಕೇಳಿಲ್ಲವಂತೆ.

ನಾವು ಏನು ಕೇಳಬೇಕು?

ನಮ್ಮ ವಯಸ್ಸಿನವರಿಗೆ ಇದು ದೂರದ ವಿಷಯ ಅಲ್ಲ. ಅಪ್ಪ ಅಮ್ಮ ಅರವತ್ತರ ಆಸುಪಾಸಿನಲ್ಲಿದ್ದಾರೆ. ಊರಿಂದ ಅವರನ್ನು ಕರ್ಕೊಂಡು ಬಂದು, ಫೈಲ್ ಹಿಡ್ಕೊಂಡು, ಲ್ಯಾಬ್ ಆರಿಸಿ, ದುಡ್ಡು ಕಟ್ಟೋರು ನಾವೇ. ಫೋನ್‌ಗೆ ಪಿಡಿಎಫ್ ಬರೋದೂ ನಮಗೇ. ಫೋನ್ ಕೊಳ್ಳುವಾಗ ಹತ್ತು ರಿವ್ಯೂ ನೋಡೋ ನಾವು ಲ್ಯಾಬ್ ಆರಿಸುವಾಗ ನೋಡೋದು ಎರಡೇ: ಬೆಲೆ ಎಷ್ಟು, ಎಷ್ಟು ದಿನ.

ಭಾರತದಲ್ಲಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಎನ್‌ಎಬಿಎಲ್. ಐಎಸ್‌ಒ 15189 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನೋಡ್ತಾರೆ. ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲಿ ಭಾಗವಹಿಸಬೇಕು ಅನ್ನೋದೂ ಆ ಮಾನದಂಡದಲ್ಲಿದೆ. ಆದರೆ ಈ ಮಾನ್ಯತೆ ಪಡೆಯೋದು ಲ್ಯಾಬ್‌ನ ಇಷ್ಟ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಏನಂದ್ರೆ, ಮಾನ್ಯತೆ ಇಡೀ ಕಟ್ಟಡಕ್ಕೆ ಸಿಗಲ್ಲ. ಯಾವ ಯಾವ ಟೆಸ್ಟ್‌ಗೆ ಅಂತ ಒಂದು ಪಟ್ಟಿ ಇರುತ್ತೆ, ಅದಕ್ಕೆ ‘ಸ್ಕೋಪ್’ ಅಂತಾರೆ. ಶುಗರ್ ಟೆಸ್ಟ್ ಆ ಪಟ್ಟಿಯಲ್ಲಿದ್ದು, ರಾಸ್ ಟೆಸ್ಟ್ ಇಲ್ಲದೇ ಇರಬಹುದು. ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಲ್ಯಾಬ್ ಹೆಸರು ಹಾಕಿ ನೋಡಬಹುದು.

ಮನೆಯಲ್ಲಿ ಯಾರಿಗಾದ್ರೂ ಈ ಟೆಸ್ಟ್ ಬೇಕಾಗಿ ಬಂದರೆ ಕೇಳಬೇಕಾದ ಐದು ಪ್ರಶ್ನೆಗಳನ್ನು ಕೊಡ್ತೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು, ಯಾವ ಜೀನ್‌ಗಳು, ಯಾವ ಭಾಗಗಳು? ಕೆ-ರಾಸ್ ಮತ್ತು ಎನ್-ರಾಸ್ ಎರಡರಲ್ಲೂ ಎಕ್ಸಾನ್ 2, 3, 4 ನೋಡ್ತಾರಾ?

ಎರಡು, ಟೆಸ್ಟ್ ಮಾಡಿದ ಭಾಗದಲ್ಲಿ ಗಡ್ಡೆಯ ಕೋಶ ಎಷ್ಟು ಶೇಕಡಾ ಇತ್ತು? ವರದಿಯಲ್ಲಿ ಬರೆದಿದ್ದಾರಾ?

ಮೂರು, ವಿಧಾನ ಯಾವುದು, ಎಷ್ಟು ಕಡಿಮೆ ಪ್ರಮಾಣದವರೆಗೆ ಅದು ಮ್ಯುಟೇಶನ್ ಹಿಡಿಯುತ್ತೆ? ಎರಡನೇ ಪ್ರಶ್ನೆಯ ಉತ್ತರದ ಅರ್ಧ ಇದಕ್ಕಿಂತ ಕಮ್ಮಿ ಇದ್ದರೆ ‘ಇಲ್ಲ’ ಅನ್ನೋ ಉತ್ತರವನ್ನು ಪೂರ್ತಿ ನಂಬೋ ಹಾಗಿಲ್ಲ.

ನಾಲ್ಕು, ಇದೇ ಟೆಸ್ಟ್‌ಗೆ ಲ್ಯಾಬ್ ಹೊರಗಿನ ಗುಣಮಟ್ಟ ಪರೀಕ್ಷೆಗೆ ಕೂತಿದೆಯಾ? ಕೊನೇ ಸಲ ಯಾವಾಗ?

ಐದು, ಅನುಮಾನ ಇದ್ದರೆ ಮೇಣದ ಬ್ಲಾಕ್ ಕೊಡ್ತಾರಾ? ಬ್ಲಾಕ್ ಸಿಕ್ಕರೆ ಬೇರೆ ಲ್ಯಾಬ್‌ನಲ್ಲಿ ಮತ್ತೆ ನೋಡಿಸಬಹುದು, ರೋಗಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ.

ಇವನ್ನು ಲ್ಯಾಬ್ ಕೌಂಟರ್‌ನಲ್ಲಿ ಕೂತ ಹುಡುಗನ ಹತ್ತಿರ ಜಗಳಕ್ಕೆ ಅಂತ ಕೇಳಬೇಡಿ, ಅವನಿಗೆ ಗೊತ್ತಿರಲ್ಲ. ನಿಮ್ಮ ಕ್ಯಾನ್ಸರ್ ತಜ್ಞರ ಹತ್ತಿರ ಕೂತು ಕೇಳಿ. ಅವರೇ ಪೆಥಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಬಹುದು. ಔಷಧಿ ಆರಿಸುವಾಗ ಅವರು ರಾಸ್ ಒಂದನ್ನೇ ನೋಡಲ್ಲ. ಗಡ್ಡೆ ಕರುಳಿನ ಎಡಭಾಗದಲ್ಲಿದೆಯೋ ಬಲಭಾಗದಲ್ಲಿದೆಯೋ ಅನ್ನೋದನ್ನೂ ನೋಡ್ತಾರೆ. ಹಾಗಾಗಿ ಪಿಡಿಎಫ್ ಓದಿ ನಾವೇ ತೀರ್ಮಾನಕ್ಕೆ ಬರೋದು ಬೇಡ.

ಮನೆಯವರು ತುಂಬಾ ಕೇಳೋ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡ್ತೀನಿ. ಅಪ್ಪನ ಗಡ್ಡೆಯಲ್ಲಿ ಕೆ-ರಾಸ್ ಮ್ಯುಟೇಶನ್ ಇದೆ ಅಂದ ತಕ್ಷಣ ಮಕ್ಕಳಿಗೂ ಬರುತ್ತೆ ಅಂತ ಅಲ್ಲ. ಇದು ಗಡ್ಡೆಯ ಕೋಶಗಳಲ್ಲಿ ಆಮೇಲೆ ಆದ ಬದಲಾವಣೆ, ಹುಟ್ಟಿನಿಂದ ಬಂದದ್ದಲ್ಲ. ವಂಶದಲ್ಲಿ ಬರೋ ಕರುಳಿನ ಕ್ಯಾನ್ಸರ್‌ಗಳು ಬೇರೆ ಇವೆ, ಅವಕ್ಕೆ ಬೇರೆ ಟೆಸ್ಟ್. ಅದನ್ನು ಇನ್ನೊಂದು ಸಲ ಬರೀತೀನಿ.

ಯುರೋಪಿನ ಆ ಕಥೆಯಲ್ಲಿ ನನಗೆ ಇಷ್ಟವಾಗಿದ್ದು ಒಂದೇ ವಿಷಯ. 27 ಶೇಕಡಾ ಅಂತ ಬಂದಾಗ ಅವರು ಅದನ್ನು ಮುಚ್ಚಿಡಲಿಲ್ಲ. ತಪ್ಪಿದ ಲ್ಯಾಬ್‌ಗಳ ಹೆಸರು ಹೇಳಿ ಮಾನ ಕಳೆಯಲೂ ಇಲ್ಲ. ಈ ಪರೀಕ್ಷೆ ಇರೋದು ಕಲಿಯೋದಕ್ಕೆ ಅಂದ್ರು, ಮುಂದಿನ ವರ್ಷ ಮತ್ತೆ ಸ್ಯಾಂಪಲ್ ಕಳಿಸಿದ್ರು. ನಮ್ಮಲ್ಲೂ ಈ ಪರೀಕ್ಷೆಗೆ ಕೂರೋ ಲ್ಯಾಬ್‌ಗಳಿವೆ. ಕೂರೋ ಖರ್ಚು, ಶ್ರಮ ಅವರದ್ದು. ಕೂತಿದ್ದೀರಾ ಅಂತ ಯಾರೂ ಕೇಳದಿದ್ದರೆ, ಕೂರದವರು ಕಮ್ಮಿ ರೇಟ್ ಹಾಕಿ ಅವರ ಗಿರಾಕಿಗಳನ್ನು ಕಿತ್ತುಕೊಳ್ತಾರೆ. ಕೇಳೋದು ನಮ್ಮ ಕೈಯಲ್ಲಿದೆ, ಅದಕ್ಕೆ ದುಡ್ಡೂ ಬೇಕಿಲ್ಲ.

ಈ ಐದು ಪ್ರಶ್ನೆಗಳನ್ನು ಯಾರಾದ್ರೂ ನಿಜವಾಗಿ ಕೇಳಿದ್ರೆ, ಏನು ಉತ್ತರ ಸಿಕ್ತು ಅಂತ ನನಗೆ ಬರೆದು ತಿಳಿಸಿ. ಲ್ಯಾಬ್ ಹೆಸರು ಬೇಡ, ಉತ್ತರ ಸಾಕು.